ಸೆರೆಯವರ ಮಿತ್ರನಾದ ಜಾನ್ ಹೊವರ್ಡನು

ನ್ಯಾಯಸ್ಥಾನವು ಒಬ್ಬನನ್ನು ನಿರಪರಾಧಿಯೆಂದು ತೀರ್ಪು ಮಾಡಿದ ಮೇಲೆಯೂ ಅವನು ಸೆರೆಮನೆಗೇ ಹಿಂದಿರುಗಬೇಕಾದರೆ ಅದೆಂಥಾ ನ್ಯಾಯ? ಇಂಗ್ಲೆಂಡು ದೇಶದಲ್ಲಿ ಈ ಅನ್ಯಾಯವು ಬಹುಕಾಲ ನಡೆಯುತ್ತಿತ್ತು. ಅದನ್ನು ಕಂಡು ಸುಮ್ಮನಿರಲಾರದೆ ಹೋದ ಒಬ್ಬ ದೇವಭಕ್ತನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ಜಾನ್ ಹೊವರ್ಡನು 1726ರಲ್ಲಿ ಲಂಡನಿನ ಒಬ್ಬ ಐಶ್ವರ್ಯವಂತ ವ್ಯಾಪಾರಿಗೆ ಮಗನಾಗಿ ಹುಟ್ಟಿದನು. ಅವನು ದೇಹದಲ್ಲಿ ಬಲಹೀನನಾದರೂ ಭಕ್ತಿಯಲ್ಲಿ ದೃಢನು. 1756ರಲ್ಲಿ ಅವನು ಪೋರ್ತುಗಾಲಿಗೆ ಹೊರಟ ಹಡಗನ್ನು ಫ್ರೆಂಚರು ಹಿಡಿದು, ಅದರಲ್ಲಿದ್ದವರನ್ನು ಬ್ರೆಸ್ತ್ ಕೋಟೆಯ ನೆಲಮಾಳಿಗೆಯಲ್ಲಿ ಹಾಕಿದರು. ಅಲ್ಲಿ ಹುಲ್ಲಿನ ಮೇಲೆ ಮಲಗಿ, ಹಸಿವೆ ಬಾಯಾರಿಕೆಗಳನ್ನು ತಾಳಿ, ಸೆರೆವಾಸವೇನೆಂಬದನ್ನು ಅನುಭವದಿಂದಲೇ ಅರಿತನು. ತಾನು ಊರಿಗೆ ಬಂದ ಮೇಲೆ ಜೊತೆಸೆರೆಯವರನ್ನು ಮರೆಯದೆ, ಅವರ ಬಿಡುಗಡೆಗಾಗಿ ಅಧಿಕಾರಿಗಳಲ್ಲಿ ಮೊರೆಯಿಟ್ಟನು.

1773ರಲ್ಲಿ ಅವನು ಬೆಡ್‌ಫರ್ಡ್ ಸೀಮೆಯ ಷೆರಿಫನಾಗಿ ನೇಮಿಸಲ್ಪಟ್ಟನು. ನೂರು ವರ್ಷಗಳ ಮುಂಚೆ ಜಾನ್ ಬನಿಯನನು ಸುವಾರ್ತೆಯ ನಿಮಿತ್ತ ಸೆರೆಯಲ್ಲಿದ್ದದ್ದು ಈ ಊರಿನಲ್ಲಿಯೇ. ಹೊವರ್ಡನು ಸೆರೆಮನೆಯ ಒಳಹೊಕ್ಕು ವಿಚಾರಿಸಿದಾಗ ಕಂಡದ್ದೇನಂದರೆ, ಕಾವಲುಗಾರನಿಗೆ ಸಂಬಳವೇ ಇರಲಿಲ್ಲ. ಸೆರೆಯವರಿಂದ ತೆಗೆದುಕೊಳ್ಳುವ ಕಟ್ಟಳೆಯ ಹಣವೇ ಅವನ ಜೀವನ. ಬಿಡುಗಡೆ ಹೊಂದಿದವನು ಅವನಿಗೆ 15 ಶಿಲಿಂಗು 4 ಪೆನ್ಸು, ಬೀಗದವನಿಗೆ 2 ಶಿಲಿಂಗು ಕೊಡದೆ ಹೊರಗೆ ಬರುವಂತಿರಲಿಲ್ಲ. ಅದು ಹೊಲದ ಕೂಲಿಯವನ ಎರಡು ವಾರಗಳ ದುಡಿಮೆ. ಕೊಡಲಾರದವನು ನಿರ್ದೋಷಿಯಾಗಿಯೂ ಒಳಗೇ ಉಳಿಯುವನು. ಬೇರೆ ಕಡೆಗಳಲ್ಲಿ ಸಂಕೋಲೆಯ ಭಾರವನ್ನು ತಗ್ಗಿಸುವದಕ್ಕೂ ಹಣ ಬೇಕಿತ್ತು; ಕಾವಲುಗಾರರು ಸೆರೆಯವರಿಗೆ ಮದ್ಯವನ್ನು ಮಾರಿಯೂ ಲಾಭ ಹೊಂದುತ್ತಿದ್ದರು. ಕೆಲವು ಸೆರೆಮನೆಗಳು ಪ್ರಭುಗಳ ಸ್ವಂತ ಸೊತ್ತು. ಈಲಿ ಪಟ್ಟಣದ್ದು ಅಲ್ಲಿಯ ಬಿಷಪರದು. ಸಭೆಯ ಹೆಸರು ಇದರಲ್ಲಿ ಸೇರಿದ್ದು ನಮಗೆ ನಾಚಿಕೆಯೇ ಸರಿ.

ಕಾವಲುಗಾರನಿಗೆ ಸಂಬಳ ಕೊಡಿರೆಂದು ಅವನು ನ್ಯಾಯಾಧಿಪತಿಗಳನ್ನು ಬೇಡಿದಾಗ, ಬೇರೆಲ್ಲಿಯಾದರೂ ಹಾಗೆ ನಡೆಯುವದುಂಟೋ ಎಂದು ಅವರು ಕೇಳಿದರು. ಅದನ್ನು ಹುಡುಕುತ್ತಾ ನೆರೆಯ ಸೀಮೆಗಳಿಗೆ ಹೋದನು. ಎಲ್ಲೆಲ್ಲಿಯೂ ಅದೇ ಅನ್ಯಾಯ. ಆತನ ಸಾಕ್ಷಿಯನ್ನು ಕೇಳಿ ಪಾರ್ಲಿಮೆಂಟು 1774ರಲ್ಲಿ ಎರಡು ಕಾಯಿದೆಗಳನ್ನು ಮಾಡಿತು. ನಿರ್ದೋಷಿಗಳನ್ನು ಕೂಡಲೇ ಬಿಡಬೇಕೆಂದು ಒಂದು. ಸೆರೆಮನೆಗಳಿಗೆ ಸುಣ್ಣ ಬಳಿದು, ಗಾಳಿ ಆಡುವಂತೆ ಮಾಡಿ, ರೋಗಿಗಳನ್ನು ಬೇರೆ ಇಡಬೇಕೆಂದು ಇನ್ನೊಂದು. ಹೊವರ್ಡನು ಇವುಗಳನ್ನು ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿ ಎಲ್ಲಾ ಕಾವಲುಗಾರರಿಗೆ ಕಳುಹಿಸಿದನು.

ಅಷ್ಟಕ್ಕೇ ನಿಲ್ಲದೆ ಯೂರೋಪಿನ ಸೆರೆಮನೆಗಳನ್ನು ನೋಡುತ್ತಾ ಸಂಚರಿಸಿ, ಕಂಡದ್ದನ್ನು 1777ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ತನ್ನ ಜೀವಮಾನದಲ್ಲಿ ಹೀಗೆ 40,000 ಮೈಲಿಗಿಂತ ಹೆಚ್ಚು ಸಂಚರಿಸಿದನು. ರಷ್ಯ ಸಾಮ್ರಾಜ್ಯದ ಖೆರ್ಸೋನ್ ಪಟ್ಟಣದಲ್ಲಿ ಜ್ವರಪೀಡಿತರ ಬಳಿಗೆ ಹೋಗುತ್ತಿರುವಾಗ ತಾನೂ ಜ್ವರಕ್ಕೆ ಗುರಿಯಾಗಿ, 1790ನೇ ಜನವರಿ 20ರಲ್ಲಿ ಕರ್ತನಲ್ಲಿ ನಿದ್ರೆಹೋದನು.

ಕಾವಲುಗಾರರ ಕಟ್ಟಳೆಯ ಹಣವು 1815ರಲ್ಲಿ ರದ್ದಾಯಿತು. 1877ರ ಕಾಯಿದೆಯಿಂದ ಸ್ಥಳೀಯ ಸೆರೆಮನೆಗಳೆಲ್ಲಾ ಸರಕಾರದ ವಶಕ್ಕೆ ಬಂದವು. ಆದರೆ 1992ರಲ್ಲಿ ವೋಲ್ಡ್ಸ್ ಎಂಬ ಹೊಸ ಸೆರೆಮನೆಯನ್ನು ಆ ದೇಶದ ಸರಕಾರವೇ ಒಂದು ಖಾಸಗಿ ಕಂಪನಿಗೆ ಒಪ್ಪಿಸಿತು. 2013ರಲ್ಲಿ ತಿರಿಗಿ ತೆಗೆದುಕೊಂಡಿತು. ಬೇರೆ ಕೆಲವು ಇನ್ನೂ ಕಂಪನಿಗಳ ಕೈಯಲ್ಲಿವೆ. ಈಗ ಹಣ ಕೊಡುವದು ಸರಕಾರವೇ ಹೊರತು ಸೆರೆಯವನಲ್ಲ. ಆದರೂ ಒಬ್ಬನ ಬಂಧನವು ಮತ್ತೊಬ್ಬನಿಗೆ ಲಾಭವಾಗುವಲ್ಲಿ ಬಹು ಎಚ್ಚರಿಕೆ ಬೇಕೆಂಬದನ್ನು ಹೊವರ್ಡನ ಜೀವನವು ಕಲಿಸುತ್ತದೆ.

ಸಹೋದರರೇ, ಸೆರೆಯಲ್ಲಿರುವವನನ್ನು ನೋಡಲು ಹೋಗುವದು ತನ್ನನ್ನೇ ನೋಡಲು ಬಂದಂತೆ ಎಂದು ನಮ್ಮ ಕರ್ತನು ಬೋಧಿಸಿದ್ದಾನಷ್ಟೆ. ನಮ್ಮ ಊರಿನವನೊಬ್ಬನು ಸೆರೆಯಲ್ಲಿದ್ದರೆ, ಅವನ ಹೆಂಡತಿಮಕ್ಕಳ ಬಾಗಲಿಗೆ ನಾವು ಹೋದೆವೋ, ಅಥವಾ ದೂರ ಸರಿದೆವೋ? ಪ್ರತಿಯೊಬ್ಬನೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲಿ.