ಬ್ರಹ್ಮ ಪ್ರಕಾಶ್

ಬ್ರಹ್ಮ ಪ್ರಕಾಶ್ (21 ಆಗಸ್ಟ್ 1912 – 3 ಜನವರಿ 1984) ಭಾರತದ ಲೋಹಶಾಸ್ತ್ರಜ್ಞರು. ಪರಮಾಣು ಇಂಧನ ಹಾಗೂ ಬಾಹ್ಯಾಕಾಶ ಯೋಜನೆಗಳಿಗೆ ಅಗತ್ಯವಾದ ವಿಶೇಷ ಲೋಹಗಳನ್ನು ದೇಶದಲ್ಲಿಯೇ ತಯಾರಿಸುವ ಕಾರ್ಯಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗಕ್ಕೆ ಮುಖ್ಯಸ್ಥರಾದ ಮೊದಲ ಭಾರತೀಯರು.

ಜನನ ಮತ್ತು ಶಿಕ್ಷಣ

ಬ್ರಹ್ಮ ಪ್ರಕಾಶರು ಲಾಹೋರಿನಲ್ಲಿ ಜನಿಸಿದರು. ಪಂಜಾಬ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರವನ್ನು ಅಧ್ಯಯನ ಮಾಡಿ ಡಾಕ್ಟರೇಟ್ ಪಡೆದರು. ಅನಂತರ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಉನ್ನತ ವ್ಯಾಸಂಗ ಮಾಡಿ ಮತ್ತೊಂದು ಡಾಕ್ಟರೇಟ್ ಗಳಿಸಿದರು. ಸ್ವದೇಶಕ್ಕೆ ಮರಳಿ ಪರಮಾಣು ಶಕ್ತಿ ಆಯೋಗದ ಕಾರ್ಯದಲ್ಲಿ ತೊಡಗಿದರು.

ಬೆಂಗಳೂರಿನಲ್ಲಿ

1951ರಿಂದ 1957ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗವನ್ನು ಮುನ್ನಡೆಸಿದರು. ಆಗ ಈ ವಿಭಾಗ ಆರಂಭವಾಗಿ ಕೆಲವೇ ವರ್ಷಗಳಾಗಿದ್ದವು. ದೇಶದಲ್ಲಿ ಸಾಧಾರಣ ಉಕ್ಕು ತಯಾರಾಗುತ್ತಿದ್ದರೂ, ಅತಿಯಾದ ಉಷ್ಣತೆಯನ್ನು ತಾಳುವ ಮಿಶ್ರಲೋಹಗಳಿಗೆ ಹೊರದೇಶಗಳನ್ನೇ ಅವಲಂಬಿಸಬೇಕಾಗಿತ್ತು. ಅವುಗಳನ್ನು ಕೊಡುವುದೂ ಬಿಡುವುದೂ ಮಾರುವ ದೇಶದ ಇಚ್ಛೆಗೆ ಸೇರಿತ್ತು.

ಪರಮಾಣು ಲೋಹಗಳು

ಮುಂಬಯಿಯ ಟ್ರಾಂಬೆಗೆ ಹಿಂದಿರುಗಿದ ಬಳಿಕ ಅಲ್ಲಿನ ಲೋಹಶಾಸ್ತ್ರ ಕಾರ್ಯವನ್ನು ಬೆಳೆಸಿದರು. 1959ರ ಜನವರಿಯಲ್ಲಿ ಟ್ರಾಂಬೆಯಲ್ಲಿ ಶುದ್ಧ ಯುರೇನಿಯಂ ಲೋಹ ತಯಾರಾಯಿತು. ಇಂಧನವನ್ನು ಆವರಿಸುವ ಕೊಳವೆಗಳಿಗೆ ಜಿರ್ಕೋನಿಯಂ ಬೇಕಾಗಿತ್ತು. ಈ ಲೋಹ ನ್ಯೂಟ್ರಾನ್‌ಗಳನ್ನು ಅತ್ಯಲ್ಪವಾಗಿ ಹೀರುತ್ತದೆ. ಆದರೆ ಅದಿರಿನಲ್ಲಿ ಇದರೊಡನೆ ಬೆರೆತಿರುವ ಹಾಫ್ನಿಯಂ ಅವುಗಳನ್ನು ವಿಪರೀತವಾಗಿ ಹೀರುವುದರಿಂದ, ಎರಡನ್ನೂ ಬೇರ್ಪಡಿಸದೆ ಉಪಯೋಗವಿಲ್ಲ. ಶುದ್ಧೀಕರಿಸಿದ ಜಿರ್ಕೋನಿಯಂಗೆ ಸುಮಾರು ಶೇಕಡಾ 1.5ರಷ್ಟು ತವರವನ್ನೂ ಅಲ್ಪ ಪ್ರಮಾಣದ ಕಬ್ಬಿಣ, ಕ್ರೋಮಿಯಂ, ನಿಕಲ್‌ಗಳನ್ನೂ ಬೆರೆಸಿದಾಗ ಬಿಸಿನೀರಿನಲ್ಲಿ ಸವೆಯದ ಜಿರ್ಕಲಾಯ್-2 ದೊರೆಯುತ್ತದೆ. ಈ ಪ್ರಯೋಗಾಲಯದ ಜ್ಞಾನವನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದ ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದ ಸ್ಥಾಪನೆಯಲ್ಲಿ ಅವರ ಪಾತ್ರ ಹಿರಿದು.

ಮಿಶ್ರಲೋಹ ಮತ್ತು ಉಷ್ಣತೆ

ಅವರ ಕಾರ್ಯದ ಮಹತ್ವವನ್ನರಿಯಲು ಸ್ಟೇನ್‌ಲೆಸ್ ಉಕ್ಕಿನ ಉದಾಹರಣೆ ನೆರವಾಗುತ್ತದೆ. ಬಿಸಿಯಾದ ಲೋಹವು ಸತತ ಭಾರಕ್ಕೆ ಸಿಲುಕಿದರೆ ಕಾಲಕ್ರಮೇಣ ನಿಧಾನವಾಗಿ ಹಿಗ್ಗುತ್ತದೆ. ಇದನ್ನು ಕ್ರೀಪ್ ಎನ್ನುತ್ತಾರೆ. ಕ್ರೋಮಿಯಂ ಮೇಲ್ಮೈಯಲ್ಲಿ ಆಕ್ಸೈಡಿನ ತೆಳುಪದರವನ್ನು ರಚಿಸಿ ತುಕ್ಕನ್ನು ತಡೆಯುತ್ತದೆ. ನಿಕಲ್, ಆಸ್ಟೆನೈಟ್ ಎಂಬ ಸ್ಫಟಿಕ ರಚನೆಯನ್ನು ಸ್ಥಿರಗೊಳಿಸುತ್ತದೆ. ಈ ರಚನೆಯು ಕ್ರೀಪನ್ನು ಹೆಚ್ಚು ಎದುರಿಸುತ್ತದೆ. ಮಾಲಿಬ್ಡಿನಂನ ದೊಡ್ಡ ಪರಮಾಣುಗಳು ಸ್ಫಟಿಕದೊಳಗಿನ ಜಾರುವಿಕೆಗೆ ಅಡ್ಡಿಯಾಗುತ್ತವೆ. ಟೈಟೇನಿಯಂ ಮತ್ತು ನಿಯೋಬಿಯಂ ಇಂಗಾಲದೊಡನೆ ಸೇರಿ ಸೂಕ್ಷ್ಮ ಕಾರ್ಬೈಡ್ ಕಣಗಳಾಗಿ ಬಲ ನೀಡುತ್ತವೆ. 316 ದರ್ಜೆಯ ಉಕ್ಕಿನಲ್ಲಿ ಶೇಕಡಾ 16–18 ಕ್ರೋಮಿಯಂ, 10–14 ನಿಕಲ್, 2–3 ಮಾಲಿಬ್ಡಿನಂ ಇರುತ್ತದೆ. 1985ರಲ್ಲಿ ಕಾರ್ಯಾರಂಭಿಸಿದ ಕಲ್ಪಾಕ್ಕಂನ ವೇಗ ತಳಿ ಪರೀಕ್ಷಾ ರಿಯಾಕ್ಟರಿನ ಇಂಧನ ಕೊಳವೆಗಳಿಗೆ ಈ ದರ್ಜೆಯ ಉಕ್ಕನ್ನೇ ಬಳಸಲಾಯಿತು. ಇಂದು ಬೆಂಗಳೂರಿನಲ್ಲಿಯೂ ಮಂಗಳೂರಿನ ಸಮೀಪದ ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿಯೂ ಲೋಹಶಾಸ್ತ್ರ ಪ್ರತ್ಯೇಕ ವ್ಯಾಸಂಗ ವಿಷಯವಾಗಿದೆ.

ಬಾಹ್ಯಾಕಾಶ ಕ್ಷೇತ್ರ

ವಿಕ್ರಂ ಸಾರಾಭಾಯಿಯವರ ನಿಧನದ ನಂತರ, 1972ರಲ್ಲಿ ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ನಿರ್ದೇಶಕರಾದರು. ಅರವತ್ತನೆಯ ವಯಸ್ಸಿನಲ್ಲಿ ತಮಗೆ ಹೊಸದಾದ ಕ್ಷೇತ್ರವನ್ನು ಪ್ರವೇಶಿಸಿ, ಪ್ರತ್ಯೇಕವಾಗಿದ್ದ ಘಟಕಗಳನ್ನು ಒಂದೇ ಸಂಸ್ಥೆಯಾಗಿ ಕೂಡಿಸಿದರು. ಎಸ್ಎಲ್‌ವಿ-3 ಉಡಾವಣಾ ವಾಹನದ ಮೊದಲ ಹಂತದ ಕವಚಕ್ಕೆ ಕ್ರೋಮಿಯಂ, ಮಾಲಿಬ್ಡಿನಂ, ವನಾಡಿಯಂ ಬೆರೆಸಿದ ಉಕ್ಕು ಬಳಕೆಯಾಯಿತು. ಅವರು 1979ರಲ್ಲಿ ನಿವೃತ್ತರಾದರು. ಅದೇ ವರ್ಷದ ಆಗಸ್ಟ್‌ನಲ್ಲಿ ನಡೆದ ಮೊದಲ ಉಡಾವಣೆ ವಿಫಲವಾಯಿತು. 1980ರ ಜುಲೈ 18ರಂದು ಅದೇ ಮಾದರಿಯ ವಾಹನವು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ್ದನ್ನು ಕಾಣುವ ಅವಕಾಶ ಅವರಿಗೆ ದೊರೆಯಿತು.

ಗೌರವಗಳು

* ಪದ್ಮಶ್ರೀ (1961)
* ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ (1963)
* ಪದ್ಮಭೂಷಣ (1968)

ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ಅವರ ಹೆಸರಿನಲ್ಲಿ ಸ್ಮಾರಕ ಪದಕವನ್ನು ಸ್ಥಾಪಿಸಿತು.