ಗಣಿತ ಪಂಡಿತ ಆಯ್ಲರನು

ಬಾಸೆಲ್ ಪಟ್ಟಣದ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. ಅಲ್ಲಿಯ ಮಿಶನ್ ಸಂಘದವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಆ ಸಂಘದ ಮೂಲಕ ಬಂದ ಮೋಗ್ಲಿಂಗ್ ಪಾದ್ರಿಯವರು ಮುಂದೆ ನಮ್ಮ ಕೊಡಗಿನಲ್ಲಿಯೂ ಸೇವೆಮಾಡಿದರು. ಅದೇ ಬಾಸೆಲಿನಲ್ಲಿ, ೧೭೦೭ನೆಯ ಇಸವಿ ಏಪ್ರಿಲ್ ೧೫ರಂದು, ಒಬ್ಬ ಪಾದ್ರಿಯ ಮಗನಾಗಿ ಲೆಯೊನಾರ್ಡ್ ಆಯ್ಲರನು ಜನಿಸಿದನು. ಮಗನೂ ಪಾದ್ರಿಯಾಗಬೇಕೆಂಬುದು ತಂದೆಯ ಇಚ್ಛೆ. ಆದರೆ ಯೋಹಾನ್ ಬರ್ನೂಲಿ ಎಂಬ ಗುರುವು ಹುಡುಗನ ಬುದ್ಧಿಯನ್ನರಿತು, ತಂದೆಯನ್ನು ಒಡಂಬಡಿಸಿದನು.

೧೭೨೭ರಲ್ಲಿ ಆಯ್ಲರನು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವಿದ್ವತ್ಸಭೆಯನ್ನು ಸೇರಿದನು. ನಡುವೆ ೨೫ ವರ್ಷ ಬರ್ಲಿನ್ನಿನಲ್ಲಿದ್ದಾಗ, ಒಬ್ಬ ರಾಜಕುಮಾರಿಗೆ ಪ್ರಕೃತಿಶಾಸ್ತ್ರವನ್ನು ಬೋಧಿಸಿ ಇನ್ನೂರಕ್ಕೂ ಹೆಚ್ಚು ಕಾಗದಗಳನ್ನು ಬರೆದನು. ಹೆಣ್ಣುಮಕ್ಕಳಿಗೆ ಶಾಸ್ತ್ರವೇಕೆಂದು ಕೇಳುತ್ತಿದ್ದ ಕಾಲವದು.

ಯೌವನದಲ್ಲಿಯೇ ಅವನ ಬಲಗಣ್ಣು ಕೆಟ್ಟಿತ್ತು. ೧೭೬೬ರಲ್ಲಿ ರಷ್ಯಾಕ್ಕೆ ಮರಳಿದ ಮೇಲೆ ಎಡಗಣ್ಣಿಗೂ ಪೊರೆ ಬಂದಿತು. ೧೭೭೧ರಲ್ಲಿ ಮನೆ ಬೆಂಕಿಗೆ ಆಹುತಿಯಾಯಿತು. ಅದೇ ವರ್ಷ ಕಣ್ಣಿಗೆ ಮಾಡಿಸಿದ ಶಸ್ತ್ರಚಿಕಿತ್ಸೆಯೂ ಫಲಿಸದೆ ಕತ್ತಲೆ ಕವಿಯಿತು. ಆದರೂ ಅವನ ಕೆಲಸ ನಿಲ್ಲಲಿಲ್ಲ. ಲೆಕ್ಕವನ್ನು ಮನಸ್ಸಿನಲ್ಲಿಯೇ ನಡಿಸಿ, ಇತರರಿಂದ ಬರೆಯಿಸುತ್ತಿದ್ದನು.

೧೭೭೨ರಲ್ಲಿ ಪ್ರಕಟವಾದ ಅವನ ಒಂದು ಕಾಗದವು ೨,೧೪,೭೪,೮೩,೬೪೭ ಎಂಬುದು ಅವಿಭಾಜ್ಯ ಸಂಖ್ಯೆಯೆಂದು ತಿಳಿಸಿತು. ಮೂವತ್ತೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಒಂದನ್ನು ಕಳೆದರೆ ಈ ಸಂಖ್ಯೆ ದೊರೆಯುತ್ತದೆ. ಹನ್ನೆರಡು ಕಿತ್ತಳೆಗಳನ್ನು ಮೂರು ಸಮಸಾಲುಗಳಾಗಿ ಇಡಬಹುದು. ಹದಿಮೂರನ್ನು ಒಂದೇ ಸಾಲಾಗಿಯಲ್ಲದೆ ಸಮನಾಗಿ ಇಡಲಾಗದು. ಹದಿಮೂರರಂಥದೇ ಅವಿಭಾಜ್ಯ. ಇಷ್ಟು ದೊಡ್ಡ ಸಂಖ್ಯೆಯನ್ನು ಪರೀಕ್ಷಿಸುವುದೆಂತು? ೪೬,೩೪೦ರವರೆಗೆ ಭಾಗಿಸಿ ನೋಡಿದರೆ ಸಾಕು. ಅದೂ ಅಪಾರ ಶ್ರಮವೇ. ಆಯ್ಲರನು ಮೊದಲು ಯೋಚಿಸಿದನು. ಈ ಸಂಖ್ಯೆಯನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದಾದರೂ ಇದ್ದರೆ, ಅದನ್ನು ೨೪೮ರಿಂದ ಭಾಗಿಸಿದಾಗ ೧ ಅಥವಾ ೬೩ ಶೇಷ ಉಳಿಯಲೇಬೇಕೆಂದು ಕಂಡುಕೊಂಡನು. ಅಂಥವು ನಾನೂರಕ್ಕೂ ಕಡಿಮೆ. ಅವುಗಳಲ್ಲಿ ಒಂದೂ ಭಾಗಿಸಲಿಲ್ಲ.

ಬಹುಕಾಲ ಇದೇ ಜಗತ್ತಿಗೆ ತಿಳಿದ ಅತಿದೊಡ್ಡ ಅವಿಭಾಜ್ಯವಾಗಿತ್ತು. ೧೮೧೧ರಲ್ಲಿ ಬಾರ್ಲೋ ಎಂಬ ಆಂಗ್ಲ ಪಂಡಿತನು ಇದಕ್ಕಿಂತ ದೊಡ್ಡದನ್ನು ಯಾರೂ ಎಂದೂ ಹುಡುಕಲಾರರೆಂದು ಭಾವಿಸಿದನು. ಆದರೆ ೧೮೭೬ರಲ್ಲಿ ಫ್ರಾನ್ಸಿನ ಲ್ಯೂಕಾ ಎಂಬವನು ೩೯ ಅಂಕಿಗಳದನ್ನು ಸಾಧಿಸಿದನು; ೨೦೨೪ರಲ್ಲಿ ಯಂತ್ರಗಳ ಸಹಾಯದಿಂದ ನಾಲ್ಕು ಕೋಟಿಗೂ ಮಿಕ್ಕಿದ ಅಂಕಿಗಳದು ದೊರೆಯಿತು. ಅದೂ ಎರಡುಗಳನ್ನು ಗುಣಿಸಿ ಒಂದನ್ನು ಕಳೆದು ಬಂದದ್ದೇ.

೧೭೮೩ರ ಸೆಪ್ಟೆಂಬರ್ ೧೮ರಂದು, ಕೊನೆಯ ದಿನವೂ ಲೆಕ್ಕದಲ್ಲಿ ತೊಡಗಿದ್ದ ಆಯ್ಲರನು ಮೃತಪಟ್ಟನು. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮಗಳು ಲೆಕ್ಕ ತನಗೆ ಬಾರದೆಂದು ಹಲಗೆಯನ್ನು ಬದಿಗಿಟ್ಟಾಗ ಅವಳಿಗೆ ಈ ಚರಿತ್ರೆಯನ್ನು ಹೇಳಿರಿ. ಕಣ್ಣಿಲ್ಲದವನು ಸಾವಿರಾರು ಭಾಗಾಕಾರಗಳಿಗೆ ಅಂಜಲಿಲ್ಲ. ಯಾವುವು ಬೇಡವೆಂಬುದನ್ನು ಮೊದಲು ವಿಚಾರಿಸಿ, ಉಳಿದವನ್ನು ತಾಳ್ಮೆಯಿಂದ ಮಾಡಿ ಮುಗಿಸಿದನು.