ಸಿಟಿ ಸ್ಕ್ಯಾನ್ ಒಳಗೆ ನಮ್ಮ ರಾಮಚಂದ್ರನ್

ವಿದ್ಯಾನಗರದ ನಾವು ಮನೆಯವರ ಜೊತೆ ಒಂದಲ್ಲ ಒಂದು ಸಲ ಸ್ಕ್ಯಾನಿಂಗ್ ಸೆಂಟರ್ ಮುಂದೆ ಕೂತವರೇ. ರಿಪೋರ್ಟ್ ಯಾವಾಗ ಬರುತ್ತೆ ಅನ್ನೋ ಆತಂಕದಲ್ಲಿ ಆ ಚಿತ್ರ ಹೇಗೆ ಬರುತ್ತೆ ಅಂತ ಯಾರು ಕೇಳ್ತಾರೆ? ಅದರ ಉತ್ತರದಲ್ಲಿ ಬೆಂಗಳೂರಿನ ಒಬ್ಬ ಮೇಷ್ಟ್ರ ಹೆಸರಿದೆ.

ಜಿ. ಎನ್. ರಾಮಚಂದ್ರನ್ ಹುಟ್ಟಿದ್ದು 1922ರಲ್ಲಿ, ಕೇರಳದ ಎರ್ನಾಕುಲಂನಲ್ಲಿ. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಾಗ ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ಗೆ! ಅಲ್ಲಿ ಸಿ. ವಿ. ರಾಮನ್ ಕಣ್ಣಿಗೆ ಬಿದ್ದು ಭೌತಶಾಸ್ತ್ರಕ್ಕೆ ಹೋದರು. ಮುಂದೆ ಮದ್ರಾಸಿನಲ್ಲಿ ಗೋಪಿನಾಥ್ ಕರ್ತಾ ಜೊತೆ ಕೊಲಾಜೆನ್ ಪ್ರೋಟೀನಿನ ಮೂರೆಳೆ ಸುರುಳಿಯ ರಚನೆ ಕಂಡುಹಿಡಿದರು. 1963ರ ರಾಮಚಂದ್ರನ್ ಪ್ಲಾಟ್ ಅಂತೂ ಬಯಾಲಜಿ ಪುಸ್ತಕಗಳಲ್ಲಿ ಇವತ್ತಿಗೂ ಇದೆ.

ನಮಗೆ ಹತ್ತಿರದ ಕೆಲಸ ಬೇರೆ. ಸಿಟಿಯಲ್ಲಿ ಹಲವು ಕೋನಗಳಿಂದ ಎಕ್ಸ್-ರೇ ಹಾಯಿಸಿ ನೆರಳುಗಳನ್ನು ಅಳೀತಾರೆ. ಆ ನೆರಳುಗಳನ್ನು ಬಂದ ದಾರಿಯಲ್ಲೇ ವಾಪಸ್ ಹರಡಿ ಕೂಡಿಸಿದ್ರೆ ಚಿತ್ರ ಬರುತ್ತೆ, ಆದರೆ ಮಸುಕು ಮಸುಕಾಗಿ. ಫೂರಿಯರ್ ವಿಧಾನದಲ್ಲಿ ಇದನ್ನು ಸರಿ ಮಾಡಬಹುದಿತ್ತು. ಆಗಿನ ಕಂಪ್ಯೂಟರ್‌ಗಳಿಗೆ ಅದು ಭಾರ. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ 1971ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಲೇಖನದ ಉಪಾಯ ಸರಳ: ಪ್ರತಿ ನೆರಳನ್ನೂ ಮೊದಲು ಒಂದು ಫಿಲ್ಟರ್ ಜೊತೆ ಕನ್ವಲ್ಯೂಷನ್ ಮಾಡಿ, ಆಮೇಲೆ ಹರಡಿ. ಸಿಗ್ನಲ್ಸ್ ಪರೀಕ್ಷೆಯಲ್ಲಿ ನಮ್ಮ ತಲೆ ತಿನ್ನೋ ಅದೇ ಕನ್ವಲ್ಯೂಷನ್. ಲೆಕ್ಕ ಬೇಗ ಮುಗಿಯುತ್ತೆ, ಚಿತ್ರವೂ ಚೊಕ್ಕ.

ಮರುತಿಂಗಳೇ, ಅಕ್ಟೋಬರ್ 1ರಂದು, ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರದಲ್ಲಿ ಮೊದಲ ರೋಗಿಯ ಮೆದುಳಿನ ಸ್ಕ್ಯಾನ್ ಆಯ್ತು. ಆ ಯಂತ್ರದ ಲೆಕ್ಕ ಬೇರೆಯದು; ನಂತರ ದಶಕಗಳ ಕಾಲ ಸಿಟಿ ಯಂತ್ರಗಳು ನೆಚ್ಚಿಕೊಂಡಿದ್ದು ಈ ಕನ್ವಲ್ಯೂಷನ್ ದಾರಿಯನ್ನೇ. ಇದೇ ಯೋಚನೆ 1967ರಲ್ಲಿ ರೇಡಿಯೋ ಖಗೋಳದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ ಅವರಿಗೂ ಹೊಳೆದಿತ್ತು ಅನ್ನೋದನ್ನೂ ಹೇಳಬೇಕು. 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ಹೋಯಿತು. ರಾಮಚಂದ್ರನ್‌ಗೆ ನೊಬೆಲ್ ಬರಲೇ ಇಲ್ಲ.

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಅವರನ್ನು ಹಣ್ಣು ಮಾಡಿತು. 2001ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಲ್ಯಾಬ್‌ನಲ್ಲಿ ಮ್ಯಾಟ್‌ಲ್ಯಾಬ್ ತೆರೆದು ಐರೇಡಾನ್ ಆಜ್ಞೆ ಕೊಟ್ಟು ನೋಡಿ. ಯಾವ ಫಿಲ್ಟರ್ ಅಂತ ನೀವು ಹೇಳದಿದ್ರೆ ಅದು ತಾನಾಗಿಯೇ ಆರಿಸೋದು ರಾಮ್-ಲ್ಯಾಕ್. ರಾಮಚಂದ್ರನ್, ಲಕ್ಷ್ಮೀನಾರಾಯಣನ್. ಎಲೆಕ್ಟ್ರಿಕಲ್ ಬಿಟ್ಟು ಹೋದ ಹುಡುಗ ಹೀಗೆ ನಮ್ಮ ಲ್ಯಾಬಿಗೇ ವಾಪಸ್ ಬಂದಿದ್ದಾನೆ.